ಬೆಟ್ಟ ಇಳಿದು ಬಂದ ಗುಪ್ಪೆ

ಗೋರಿಯನ್ನು ದೋಚಿದ್ದು ಕಳ್ಳರಲ್ಲ, ಅದನ್ನು ಕಾಯಲೆಂದೇ ಸಂಬಳ ತಿನ್ನುವ ಬೆಟ್ಟ ಸಂರಕ್ಷಣಾ ಕಚೇರಿ.

ವೇಲ್ಸಿನ ಮೋಯೆಲ್ ಹಿರ್ವೆನ್ ಬೆಟ್ಟದ ನೆತ್ತಿಯಲ್ಲಿ, ಕಬ್ಬಿಣ ಕಾಣದ ಕಾಲದ ಜನ ತಮ್ಮ ಸತ್ತವನೊಬ್ಬನ ಮೇಲೆ ಪೇರಿಸಿದ ಕಲ್ಲುಗುಪ್ಪೆ ಅದು. ಹತ್ತಿದವರೆಲ್ಲ ಒಂದೊಂದು ಕಲ್ಲು ಒಯ್ದು ಹಾಕುತ್ತಿದ್ದರು. ಬೂಟಿಗೆ ಕೆಸರು ಮೆತ್ತುತ್ತದೆಂದು ಪ್ರವಾಸಿಗರು ದೂರಿದರು. ಕಚೇರಿ ಕಲ್ಲುದಾರಿ ಮಂಜೂರು ಮಾಡಿತು. ಪ್ರಾಚೀನ ಸ್ಥಳಕ್ಕೆ ಹೊರಗಿನ ಕಲ್ಲು ತರಕೂಡದೆಂಬ ನಿಯಮವಿತ್ತು. ಆದಕಾರಣ ಕಲ್ಲನ್ನು ಗುಪ್ಪೆಯಿಂದಲೇ ತೆಗೆಯಲಾಯಿತು. ಮಿಕ್ಕಿದ್ದರಲ್ಲಿ ಬುಡದ ಕಾರು ನಿಲ್ದಾಣಕ್ಕೊಂದು ಗೋಡೆ ಎದ್ದಿತು. ದಾರಿ ಈಗ ನೇರವಾಗಿ ಬೋಳು ನೆತ್ತಿಗೆ ಹೋಗುತ್ತದೆ.

ಕುರಿಗಾರ್ತಿ ಮೆರೆರಿಡ್ ಕಚೇರಿಗೆ ನುಗ್ಗಿದಳು. ಬೆಟ್ಟದ ಬುಡದ ತೊರೆಯಿಂದ ನೆತ್ತಿಯ ಗುಪ್ಪೆಯವರೆಗಿನ ಹುಲ್ಲು ಅವಳ ಮನೆತನದ್ದು. ಬೇಲಿಯಿಲ್ಲ, ಗುಪ್ಪೆ ಕಂಡರೆ ತಿರುಗಬೇಕೆಂದು ತಾಯಿಕುರಿ ಮರಿಗೆ ಕಲಿಸುತ್ತಿತ್ತು.

"ಕುರಿಗಳೆಲ್ಲ ಆಚೆ ಕಣಿವೆಗೆ ಇಳೀತಿವೆ ಕಣೋ ಇವೋರ! ಗುಪ್ಪೆ ಎಲ್ಲಿ?"

"ಎಲ್ಲೂ ಹೋಗಿಲ್ಲಮ್ಮ," ಎಂದ ಅಧಿಕಾರಿ ಇವೋರ್ ಪ್ರಾಬರ್ಟ್. "ಕಾರು ನಿಲ್ದಾಣದವರೆಗೆ ಉದ್ದಕ್ಕೆ ಮಲಗಿದೆ, ಅಷ್ಟೆ."

"ಕೆಳಗೆ ಮಲಗಿದ್ದೋನು?"

"ಅವರಿಂದ ಆಕ್ಷೇಪಣೆ ಬಂದಿಲ್ಲ. ಅಂದಹಾಗೆ, ನಿಮ್ಮ ಹುಲ್ಲು ತೊರೆಯಿಂದ ಗುಪ್ಪೆವರೆಗೆ ತಾನೆ?"

"ನಮ್ಮ ಮುತ್ತಜ್ಜನ ಕಾಲದಿಂದ."

"ಹಾಗಾದ್ರೆ ಇನ್ಮೇಲೆ ಕಾರು ನಿಲ್ದಾಣದ ಗೋಡೆವರೆಗೆ. ಅದರಿಂದ ಮೇಲಕ್ಕೆ ನಿಮ್ಮ ಕುರಿ ಕಂಡರೆ ಅತಿಕ್ರಮಣ."

ತೊರೆಗೂ ಗೋಡೆಗೂ ನಡುವೆ ಒಂದು ಕಂಬಳಿ ಹಾಸುವಷ್ಟು ಜಾಗವಿದೆ.

"ನಿನ್ನ ತಲೆ ಮೇಲೊಂದು ಗುಪ್ಪೆ ಪೇರಿಸಬೇಕು ಕಣೋ. ಒಳಗೆ ಜೀವ ಇಲ್ಲ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ!"

ತೆರವಾದ ಹುಲ್ಲುಗಾವಲನ್ನು ಕಚೇರಿ ಒಂದು ಕುದುರೆಸವಾರಿ ಕಂಪನಿಗೆ ಕೊಟ್ಟಿತು. ಕಂಪನಿ ಪ್ರಾಬರ್ಟನ ಭಾವಮೈದುನನದು. ಇದು ಕೇವಲ ಕಾಕತಾಳೀಯವೆಂದು ಸ್ವತಃ ಪ್ರಾಬರ್ಟನೇ ದೃಢಪಡಿಸಿದ್ದಾನೆ.

ಕಾರು ನಿಲ್ದಾಣದಲ್ಲೀಗ ಫಲಕವಿದೆ: "ಸಾರ್ವಜನಿಕರ ಗಮನಕ್ಕೆ. ಗುಪ್ಪೆಯ ಕಲ್ಲುಗಳನ್ನು ತುಳಿಯುವುದು ಶಿಕ್ಷಾರ್ಹ. ಗುಪ್ಪೆಗೆ ಹೋಗುವವರು ಕಲ್ಲುದಾರಿಯನ್ನೇ ಬಳಸತಕ್ಕದ್ದು."

ಜನ ಓದುತ್ತಾರೆ, ತಲೆದೂಗುತ್ತಾರೆ, ಹತ್ತುತ್ತಾರೆ. ಬರಿ ನೆತ್ತಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು, ದಾರಿ ಚೆನ್ನಾಗಿದೆ ಎನ್ನುತ್ತಾರೆ. ಊರಿನ ಗಾಯಕವೃಂದ ಉದ್ಘಾಟನೆಗೆ ಹಾಡಿತು. "ಏನೇ ಹೇಳು ಮೆರೆರಿಡ್, ಬೂಟು ಮಾತ್ರ ಲಕಲಕ ಅಂತಿದೆ," ಎಂದರು ಪಕ್ಕದ ಮನೆಯವರು.

ಮೆರೆರಿಡ್ ದಿನಾ ಬೆಳಿಗ್ಗೆ ಆ ಗೋಡೆಯಿಂದ ಒಂದು ಕಲ್ಲು ಕಿತ್ತು ಹೆಗಲ ಮೇಲೆ ಹೊತ್ತು ಹತ್ತುತ್ತಾಳೆ. ಸರ್ಕಾರಿ ಗೋಡೆಗೆ ಹಾನಿ ಎಂದು ಅವಳ ಮೇಲೆ ಮೊಕದ್ದಮೆ ಇದೆ. ನೆತ್ತಿಯ ಗುಪ್ಪೆ ಇನ್ನೂ ಮೊಣಕಾಲೆತ್ತರ. ಕುರಿಗಳ ಕಣ್ಣಿಗೆ ಬಿದ್ದಿಲ್ಲ.

ಓದಿ ನಗುತ್ತಿರುವವರೇ, ಸಾಕು ನಕ್ಕಿದ್ದು. ಏಳಿ. ನೀವೂ ಒಂದು ಕಲ್ಲು ಕಿತ್ತು ಮೇಲಕ್ಕೆ ಹೊರಿ.