ನಾಲ್ಕಾದ ಮೇಲೆ ಮತ್ತೆ ಒಂದು

ಬ್ಯಾರಿ ಸ್ನೆಲ್ ಬೆಳಿಗ್ಗೆ ಒಂಬತ್ತಕ್ಕೆ ಫೋನು ಮಾಡಿ, "ಮೂರೇ ನಿಮಿಷ" ಎಂದಾಗ ಮ್ಯೂರಿಯಲ್ ಒಲೆಯ ಮೇಲೆ ಮೊಟ್ಟೆ ಬೇಯಿಸುತ್ತಿದ್ದಳು. ರೆಕಾರ್ಡು ಕಂಪನಿಯ ಮನುಷ್ಯನಿಗೆ ತನ್ನ ಮನೆಯ ಮೊಟ್ಟೆಯ ಚಿಂತೆ ಯಾಕೆ ಎಂದು ಒಂದು ಗಳಿಗೆ ಅವಳಿಗೆ ತಿಳಿಯಲಿಲ್ಲ.

"ಮೂರು ನಿಮಿಷದ ಒಂದು ಹಾಡು ಬೇಕಮ್ಮ," ಸ್ನೆಲ್ ಬಿಡಿಸಿ ಹೇಳಿದ. "ಹಾಲಿನವನು ಬಾಟ್ಲಿ ಇಡ್ತಾ ಗುನುಗೋ ಅಂಥದ್ದು. ಸಂಜೆ ನಾಲ್ಕಕ್ಕೆ ನಾನೇ ಬಂದು ಕೇಳ್ತೀನಿ. ಇಲ್ಲ ಅಂದ್ರೆ ನಮಗೂ ನಿಮಗೂ ಋಣ ಹರೀತು ಅಂದ್ಕೊಳ್ಳಿ."

ಅವಳ ಗಂಡ ಅಲಿಸ್ಟರ್ ಸುದ್ದಿ ಕೇಳಿ ಬ್ರೆಡ್ಡಿನ ಮೇಲೆ ಬೆಣ್ಣೆ ಸವರುವುದನ್ನೇ ಮರೆತ. "ಮೂರು ನಿಮಿಷಾನಾ? ಅಷ್ಟು ಹೊತ್ತಿಗೆ ನಾವಿನ್ನೂ ಮಂಜು ಕವಿಯೋದನ್ನ ನುಡಿಸ್ತಾ ಇರ್ತೀವಿ!"

ಸುಳ್ಳೇನಲ್ಲ. ಅಲಿಸ್ಟರನ ತಂಡ 'ಒಂಬತ್ತನೇ ಗೋಪುರ' ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಹನ್ನೆರಡು ವರ್ಷದಿಂದ ಗಹನವಾದ ಸಂಗೀತ ನುಡಿಸುತ್ತಿತ್ತು. ಅವರ ಕಳೆದ ರೆಕಾರ್ಡಿನಲ್ಲಿ ಎರಡೂ ಪಕ್ಕ ಸೇರಿ ಒಂದೇ ಹಾಡು. ಶನಿಗ್ರಹದಲ್ಲಿ ದೀಪಸ್ತಂಭ ಕಾಯುವ ಒಬ್ಬ ಮುದುಕನ ಕಥೆ. ಮೊದಲ ಮಾತು ಬರುವುದು ಒಂಬತ್ತನೇ ನಿಮಿಷಕ್ಕೆ. ಅಷ್ಟರಲ್ಲಿ ಎಷ್ಟೋ ಜನ ರೆಕಾರ್ಡು ಕೆಟ್ಟಿದೆಯೆಂದು ಅಂಗಡಿಗೆ ಹಿಂತಿರುಗಿಸಿರುತ್ತಿದ್ದರು. ಒಂದು ಕಾಲಕ್ಕೆ ಹುಡುಗರು ಕಣ್ಣುಮುಚ್ಚಿ ತಲೆದೂಗುತ್ತ ಕೇಳಿದ್ದುಂಟು. ಈಗ, ಎಂಬತ್ತೊಂದನೇ ಇಸವಿಯಲ್ಲಿ, ಆ ಹುಡುಗರಿಗೆ ಮಕ್ಕಳಾಗಿ ಯಾರಿಗೂ ಕಣ್ಣು ಮುಚ್ಚಲು ಪುರುಸೊತ್ತಿರಲಿಲ್ಲ.

"ನನ್ನ ಹತ್ರ ಒಂದಿದೆ," ಎಂದಳು ಮ್ಯೂರಿಯಲ್.

"ಒಂದು ಏನು?"

"ಹಾಡು."

ಅಲಿಸ್ಟರ್ ಅವಳ ಕಡೆ ನೋಡಿದ ನೋಟ, ಮನೆಯ ಸೋಫಾ ಬಾಯಿಬಿಟ್ಟು ಮಾತಾಡಿದರೆ ನೋಡುವಂತಿತ್ತು. ಹನ್ನೆರಡು ವರ್ಷದಿಂದ ಅವಳು ತಂಡದಲ್ಲಿ ಕೀಬೋರ್ಡು ನುಡಿಸುತ್ತಿದ್ದಳು. ಮೂರು ಕೀಬೋರ್ಡು, ಎರಡು ಕೈ. ಗಂಡಸರು ಬರೆದ ಗ್ರಹ ನಕ್ಷತ್ರಗಳಿಗೆಲ್ಲ ಗಾಳಿ ಬೀಸಿದವಳು ಅವಳೇ. ಆದರೆ ಅವಳು ಬರೆದ ಒಂದೇ ಒಂದು ಮಾತು ಯಾವ ರೆಕಾರ್ಡಿನಲ್ಲೂ ಇರಲಿಲ್ಲ. ಸಾಮಾನಿನ ಚೀಟಿಯ ಹಿಂಬದಿಯಲ್ಲಿ ಆರು ವರ್ಷದ ಹಿಂದೆ ಗೀಚಿಟ್ಟ ಆ ಹಾಡನ್ನು ಯಾರೂ ಕೇಳಿರಲಿಲ್ಲ, ಅವಳೂ ಯಾರಿಗೂ ಹೇಳಿರಲಿಲ್ಲ. ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಅವಳಿಗೆ ಅನ್ನಿಸಿತು. ಮೊಟ್ಟೆ ಬೆಂದು ಕಲ್ಲಾಯಿತು.

ಹತ್ತು ಗಂಟೆಗೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ತಂಡ ಸೇರಿತು. ಸಭಾಂಗಣ ನೋಡಿಕೊಳ್ಳುವ ಮಿಸೆಸ್ ಟಫ್ನೆಲ್ ಎಂದಿನಂತೆ ಅಡುಗೆಕೋಣೆಯ ಕಿಂಡಿಯಿಂದ ತಲೆ ಹೊರಹಾಕಿ ಕೂತಿದ್ದಳು. ಮ್ಯೂರಿಯಲ್ ಹಾಡಿದಳು.

*ಚಹಾ ಆರಿತು, ನೀನು ಬರಲಿಲ್ಲ.*
*ನನ್ನದೂ ಕುಡಿದೆ, ನಿನ್ನದೂ ಕುಡಿದೆ.*

ಇಂಥವೇ ಇನ್ನೊಂದಿಷ್ಟು ಸಾಲು. ಕೊಳಲು ನುಡಿಸಿ ಹಾಡುವ ಪೆರೆಗ್ರಿನ್ ಗಡ್ಡ ನೀವಿಕೊಂಡ. "ಚೆನ್ನಾಗಿದೆ. ಮುಂದೆ?"

"ಅಷ್ಟೇ."

"ಅಷ್ಟೇ ಅಂದ್ರೆ?"

"ಮುಗೀತು."

ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟವರಂತೆ ತಂಡದ ಗಂಡಸರು ಮೂವರೂ ತತ್ತರಿಸಿದರು. ಕೊನೆಗೆ ಪೆರೆಗ್ರಿನ್, "ಇದು ಸೂರ್ಯ ಆರಿಹೋಗೋದರ ರೂಪಕ ಅಲ್ವಾ?" ಎಂದ.

"ಅಲ್ಲ. ಚಹಾ."

"ನಂಗೆ ಅರ್ಥ ಆಯ್ತಪ್ಪ!" ಮಿಸೆಸ್ ಟಫ್ನೆಲ್ ಕಿಂಡಿಯಿಂದ ಕೂಗಿದಳು. "ಹನ್ನೆರಡು ವರ್ಷಕ್ಕೆ ಇದೇ ಮೊದಲು!"

ಬೇರೆ ದಾರಿ ಇಲ್ಲವಾಗಿ ಗಂಡಸರು ಒಪ್ಪಿದರು. ಮಿಸೆಸ್ ಟಫ್ನೆಲ್ ಹೊತ್ತು ನೋಡಲೆಂದು ಗೋಡೆಯ ಗಡಿಯಾರದ ಕೆಳಗೇ ಕುರ್ಚಿ ಎಳೆದುಕೊಂಡಳು. ಮೊದಲ ಸಲ ಹಾಡು ಮುಗಿದಾಗ ಹನ್ನೊಂದು ನಿಮಿಷವಾಗಿತ್ತು. ಅಲಿಸ್ಟರ್ ಶುರುವಿನಲ್ಲಿ ಚಿಕ್ಕದೊಂದು ಬಿರುಗಾಳಿ ಸೇರಿಸಿದ್ದ. ಪೆರೆಗ್ರಿನ್ ಚಹಾ ತೋಟದ ಬೆಳಗನ್ನು ಕೊಳಲಿನಲ್ಲಿ ತೋರಿಸಿದ್ದ. ಡ್ರಮ್ಮಿನ ಕ್ಲೈವ್ ಮಾತ್ರ ಏನನ್ನೂ ಸೇರಿಸಿರಲಿಲ್ಲ. ಆದರೂ ಅವನೊಬ್ಬನೇ ಬೇರೆ ಯಾವುದೋ ಹಾಡಿನಲ್ಲಿದ್ದ.

"ಕ್ಲೈವ್, ನಾಲ್ಕು ಎಣಿಸಿದ್ರೆ ಸಾಕು ಮಾರಾಯಾ," ಎಂದಳು ಮ್ಯೂರಿಯಲ್.

"ನಾಲ್ಕಾದ ಮೇಲೆ?"

"ಮತ್ತೆ ಒಂದು."

"ಆಗಲೇ?" ಕ್ಲೈವ್ ಗಾಬರಿಯಾದ. ಹನ್ನೊಂದು, ಹದಿಮೂರು ಎಣಿಕೆಯ ತಾಳಗಳಲ್ಲಿ ಮೀನಿನಂತೆ ಈಜುವ ಮನುಷ್ಯ. "ಐದು ಏನು ತಪ್ಪು ಮಾಡ್ತು?"

"ಏನೂ ಇಲ್ಲ. ಇವತ್ತು ಅದಕ್ಕೆ ರಜ."

ಮತ್ತೆ ಶುರು. ಕ್ಲೈವ್ ನಾಲ್ಕರವರೆಗೆ ಬರುತ್ತಿದ್ದ. ಅಲ್ಲಿ ಗುಂಡಿಯ ಅಂಚಿಗೆ ಬಂದ ಕುದುರೆಯ ಹಾಗೆ ನಿಂತು, ಮೈ ನಡುಗಿಸಿ, ಐದಕ್ಕೆ ಹಾರಿಬಿಡುತ್ತಿದ್ದ. ಮಿಸೆಸ್ ಟಫ್ನೆಲ್‌ಗೆ ತಡೆಯಲಾಗಲಿಲ್ಲ. ಸೌಟು ಹಿಡಿದು ಹೊರಗೆ ಬಂದೇಬಿಟ್ಟಳು. "ಅವನ ಮುಂದೆ ಅಷ್ಟು ಸಾಮಾನು ಯಾಕೆ ಕಂದಾ? ಮಗೂಗೆ ಊಟ ಮಾಡಿಸ್ಬೇಕಾದ್ರೆ ಆಟಿಕೆ ತೆಗೆದಿಡಲ್ವಾ?"

ಅವಳೂ ಮ್ಯೂರಿಯಲ್ಲೂ ಸೇರಿ ಡ್ರಮ್ಮುಗಳನ್ನು ಒಂದೊಂದಾಗಿ ಅಡುಗೆಕೋಣೆಗೆ ಸಾಗಿಸಿದರು. ಹದಿನೇಳರಲ್ಲಿ ಎರಡು ಉಳಿದವು. ಕ್ಲೈವನ ಕಣ್ಣು ತುಂಬಿತು. ಆದರೆ ಬಾರಿಸಲು ಬೇರೆ ಏನೂ ಇಲ್ಲದೆ ಅವನು ನಾಲ್ಕರಿಂದ ಒಂದಕ್ಕೆ ಮರಳಿದ. ಮರಳಿ ಬಂದದ್ದು ತಿಳಿದು ತಾನೇ ಆಶ್ಚರ್ಯಪಟ್ಟ. "ಅಯ್ಯೋ, ಇಲ್ಲಿ ಎಷ್ಟು ನೆಮ್ಮದಿ ಇದೆ!" ಎಂದ.

ಕೊಳಲಿನದು ಅಷ್ಟು ಸುಲಭವಾಗಲಿಲ್ಲ. "ಕೊಳಲಿಲ್ಲದೆ ನಾನೇನು ಮಾಡ್ಲಿ?" ಎಂದು ಪೆರೆಗ್ರಿನ್ ಅದನ್ನು ಎದೆಗೆ ಅವಚಿಕೊಂಡ. ಚಪ್ಪಾಳೆ ತಟ್ಟು ಎಂದಳು ಮ್ಯೂರಿಯಲ್. ಸಿರಿವಂತರ ಶಾಲೆಗಳಲ್ಲಿ ಓದಿ ಬಂದವನಿಗೆ ಚಪ್ಪಾಳೆ ತಟ್ಟಲು ಹೇಳಿದರೆ ಹೇಗಾಗಬೇಡ? ಮಿಸೆಸ್ ಟಫ್ನೆಲ್ ಅವನ ಮುಂದೆ ಒಂದು ದೊಡ್ಡ ತುಂಡು ಹಣ್ಣಿನ ಕೇಕ್ ಇಟ್ಟಳು. ಅದನ್ನು ತೆಗೆದುಕೊಳ್ಳಲು ಅವನು ಕೊಳಲು ಕೆಳಗಿಟ್ಟ. ಆಮೇಲೆ ಅದು ಅವನ ಕಣ್ಣಿಗೆ ಬೀಳಲಿಲ್ಲ.

ಮೂರು ಗಂಟೆಗೆ ಹಾಡು ಐದು ನಿಮಿಷಕ್ಕೆ ಇಳಿದಿತ್ತು. ಉಳಿದವನು ಗಂಡ.

"ನಡುವೆ ನನ್ನದು ಎರಡು ನಿಮಿಷ ಇರಲಿ ಮ್ಯೂರಿ," ಅಲಿಸ್ಟರ್ ಗೋಗರೆದ. "ಕೇಳೋರಿಗೆ ಆ ಖಾಲಿತನ ತಟ್ಬೇಕಲ್ಲ. ಅಂದಹಾಗೆ, ಈ ಹಾಡಲ್ಲಿ ಬರದೇ ಇರೋನು ಯಾರು?"

ಮ್ಯೂರಿಯಲ್ ಕೀಬೋರ್ಡಿನ ಮೇಲಿನ ಧೂಳು ಒರೆಸಿದಳು. "ನೀನು."

"ನಾನಾ? ಯಾವತ್ತು?"

"ಎಪ್ಪತ್ತೈದರಿಂದ."

ಕಿಂಡಿಯಲ್ಲಿ ಮಿಸೆಸ್ ಟಫ್ನೆಲ್ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಮ್ಯೂರಿಯಲ್ ಒರೆಸುವುದನ್ನು ಬಿಟ್ಟು ಗಂಡನ ಕಡೆ ತಿರುಗಿದಳು. ಇಷ್ಟು ವರ್ಷ ಹೇಳದೆ ನುಂಗಿದ್ದು ಒಂದೇ ಮಾತಿನಲ್ಲಿ ಹೊರಬಿದ್ದಿತ್ತು. ಈಗ ಅವನು ಏನಾದರೂ ಹೇಳುತ್ತಾನೆ, ಕೈಯಾದರೂ ಹಿಡಿಯುತ್ತಾನೆ ಎಂದುಕೊಂಡಳು.

"ಹಾಗಿದ್ರೆ," ಅಲಿಸ್ಟರ್ ಬಹಳ ಯೋಚಿಸಿ ಹೇಳಿದ, "ನಡುವೆ ನಾನು ನುಡಿಸೋದೇ ನ್ಯಾಯ ಅಲ್ವಾ? ಹಾಡು ನನ್ನ ಮೇಲೇ ತಾನೆ?"

"ಬರದೇ ಇರೋನು ಅಂದ್ಮೇಲೆ ಬರಬಾರದಪ್ಪ!" ಮಿಸೆಸ್ ಟಫ್ನೆಲ್ ಗದರಿದಳು. "ಅಷ್ಟೂ ಗೊತ್ತಾಗಲ್ವಾ?"

ತರ್ಕಕ್ಕೆ ಅಲಿಸ್ಟರ್ ಯಾವತ್ತೂ ತಲೆಬಾಗುವವನು. ಗಿಟಾರಿನಲ್ಲಿ ಎರಡೇ ಸ್ವರ ಹಿಡಿದು ನಿಂತ.

ನಾಲ್ಕಕ್ಕೆ ಸ್ನೆಲ್ ಬಂದ. ಅವನ ಹಿಂದೆಯೇ ನಾಲ್ಕೂವರೆಯ ಹೆಣಿಗೆ ಸಂಘದ ಹೆಂಗಸರು, ಅರ್ಧ ಗಂಟೆ ಮುಂಚೆಯೇ, ಉಣ್ಣೆಯ ಚೀಲಗಳೊಂದಿಗೆ ಬಂದು ಗೋಡೆಯುದ್ದಕ್ಕೂ ಕೂತರು. ಕ್ಲೈವ್ ಮನಸ್ಸಿನಲ್ಲೇ ಪ್ರಾರ್ಥಿಸಿ ಒಂದು ಎಂದ. ಮ್ಯೂರಿಯಲ್ ಹಾಡಿದಳು. ತನ್ನ ಮಾತು, ತನ್ನ ಗಂಟಲು, ಕೇಳುಗರ ಮುಂದೆ ಮೊದಲ ಸಲ. ಎರಡನೇ ನಿಮಿಷಕ್ಕೆ ಹೆಣಿಗೆಯ ಕಡ್ಡಿಗಳು ತಾಳಕ್ಕೆ ಸರಿಯಾಗಿ ಟಕಟಕ ಎನ್ನತೊಡಗಿದವು. 'ನಿನ್ನದೂ ಕುಡಿದೆ' ಎಂಬಲ್ಲಿ ಒಬ್ಬ ಮುದುಕಿ ಕಿಸಕ್ಕೆಂದು ನಕ್ಕು, ಕಣ್ಣೊರೆಸಿಕೊಂಡಳು. ಹಾಡು ಮುಗಿದಾಗ ಮಿಸೆಸ್ ಟಫ್ನೆಲ್ ಗಡಿಯಾರ ನೋಡಿ ಕೂಗಿದಳು: "ಎರಡೂಮುಕ್ಕಾಲು ನಿಮಿಷ!"

ಸ್ನೆಲ್ ಎದ್ದು ನಿಂತಿದ್ದ. ಅವನ ದಪ್ಪ ಸೊಂಟ ಇನ್ನೂ ಅಲುಗುತ್ತಿತ್ತು. "ಗೆದ್ರಿ! ಇದನ್ನೇ ನಾನು ಹುಡುಕ್ತಾ ಇದ್ದದ್ದು. ಶುಕ್ರವಾರ ಸ್ಟುಡಿಯೋಕ್ಕೆ ಬನ್ನಿ."

ಮ್ಯೂರಿಯಲ್ ಸ್ಟೂಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. "ರೇಡಿಯೋದಲ್ಲಿ ಬರುತ್ತಾ?"

"ರೇಡಿಯೋ ಯಾರಿಗೆ ಬೇಕು? ಈಗೆಲ್ಲ ಕುಣಿಯೋ ಕ್ಲಬ್ಬುಗಳದೇ ಕಾಲ. ನಿಮ್ಮ ಹತ್ರ ಒಂದು ಸರಳ ಕುಣಿತ ಇದೆಯಾ ಅಂತ ನೋಡ್ಬೇಕಿತ್ತು, ಅದಕ್ಕೇ ಮೂರು ನಿಮಿಷ ಅಂದೆ. ಬೀಜ ಸಿಕ್ತಲ್ಲ, ಇನ್ನು ಮರ ಬೆಳೆಸೋಣ. ಕುಣಿಯೋ ಜನ ಮೂರು ನಿಮಿಷಕ್ಕೆ ನಿಲ್ತಾರೇನಮ್ಮ? ದೊಡ್ಡ ರೆಕಾರ್ಡು, ಇಡೀ ಒಂದು ಪಕ್ಕ."

"ಇಡೀ ಪಕ್ಕ ಅಂದ್ರೆ?" ಅಲಿಸ್ಟರ್ ಒಂದು ಹೆಜ್ಜೆ ಮುಂದೆ ಬಂದ.

"ಹದಿನೆಂಟು ನಿಮಿಷ. ಇದೇ ತಾಳ, ಬಿಡದೆ. ಮೇಲೆ ಏನು ಬೇಕೋ ನುಡಿಸ್ಕೊಳ್ಳಿ. ಬಿರುಗಾಳಿ ಗಿರುಗಾಳಿ ನಿಮ್ಮಿಷ್ಟ."

ಮೂವರು ಗಂಡಸರ ಮುಖದಲ್ಲಿ ಬೆಳಕು ಹತ್ತಿತು. ಪೆರೆಗ್ರಿನ್ ಕುರ್ಚಿಗಳ ಕೆಳಗೆ ಮೊಣಕಾಲೂರಿ ಕೊಳಲು ಹುಡುಕತೊಡಗಿದ. ಕ್ಲೈವ್ ಅಡುಗೆಕೋಣೆಗೆ ಓಡಿದ.

"ಮಾತುಗಳು?" ಎಂದಳು ಮ್ಯೂರಿಯಲ್.

"ಕುಣಿಯೋರಿಗೆ ಮಾತು ಯಾಕಮ್ಮ? ತೆಗೆದ್ಬಿಡಿ. ಆ 'ಕುಡಿದೆ, ಕುಡಿದೆ' ಮಾತ್ರ ಇಟ್ಕೊಳ್ಳಿ. ಅದು ಕ್ಲಬ್ಬಿಗೆ ಹೇಳಿ ಮಾಡಿಸಿದ ಹಾಗಿದೆ." ಸ್ನೆಲ್ ಹಣ್ಣಿನ ಕೇಕಿನ ಕೊನೆಯ ತುಂಡು ಬಾಯಿಗಿಟ್ಟು, ಕಾರು ಹತ್ತಿ ಹೊರಟುಹೋದ.

ಮ್ಯೂರಿಯಲ್ ಕೀಬೋರ್ಡಿನ ಮುಂದೆ ಕೂತೇ ಇದ್ದಳು. ನಕ್ಕ ಮುದುಕಿ ಉಣ್ಣೆಯ ಉಂಡೆ ಸುತ್ತಿಕೊಳ್ಳುತ್ತ ಮೆಲ್ಲಗೆ ಪಕ್ಕಕ್ಕೆ ಬಂದಳು.

"ಕಂದಾ, ನಂಗೊಂದು ಅನುಮಾನ. ಆಮೇಲೆ ಏನಾಯ್ತು? ಅವನು ಬಂದ್ನಾ?"

ಮ್ಯೂರಿಯಲ್ ಗಂಡನ ಕಡೆ ನೋಡಿದಳು. ಅಲಿಸ್ಟರ್ ನೆಲದ ಮೇಲೆ ಕಾಗದ ಹರಡಿಕೊಂಡು, ನಾಲಿಗೆ ಕಚ್ಚಿ, ಹದಿನೆಂಟು ನಿಮಿಷವನ್ನು ಏಳು ಭಾಗ ಮಾಡುತ್ತಿದ್ದ.

"ಇನ್ನೂ ಇಲ್ಲ," ಎಂದಳು.