ಹೊರಗಿನವರು ನಮ್ಮನ್ನು ಎಷ್ಟು ಸಲ ನೆನೆದರು

ಗ್ರಂಥಪಾಲಕಿಗೆ ಪುಸ್ತಕ ಕೊಟ್ಟು ತಗೊಳ್ಳೋದಷ್ಟೇ ಕೆಲಸ ಅಂತ ಊರವರು ತಿಳಿದಿದ್ದಾರೆ. ಯಾರಿಗೂ ಬೇಡವಾದ ಎಣಿಕೆಗಳೆಲ್ಲ ಸುತ್ತಾಡಿ ನನ್ನ ಟೇಬಲ್ಲಿಗೇ ಬಂದು ಕೂರುತ್ತವೆ. ಈ ಸಲ ಬಂದದ್ದು ಶಿಕಾರಿಪುರದ ನಮ್ಮ ಕಾಲೇಜು ಹೊರತರುವ ಭೌತಶಾಸ್ತ್ರ ಸಂಶೋಧನಾ ಪತ್ರಿಕೆಯದು.

"ಮುಂದಿನ ವಾರ ಪರಿಶೀಲನಾ ತಂಡ ಬರ್ತದೆ," ಅಂದರು ಅರ್ಥಶಾಸ್ತ್ರದ ನಮ್ಮ ಪ್ರಾಂಶುಪಾಲರು. "ಬೇರೆ ಪತ್ರಿಕೆಯವರು ನಮ್ಮ ಲೇಖನಗಳನ್ನ ಎಷ್ಟು ಸಲ ಉಲ್ಲೇಖ ಮಾಡ್ಯಾರೆ ನೋಡ್ರಿ. ಸೊನ್ನೆ ಬಂದ್ರೆ ಪತ್ರಿಕೆ ನಿಲ್ಲಿಸೋದೇ."

ಅದನ್ನು ಹನ್ನೆರಡು ವರ್ಷದಿಂದ ಮಗುವಿನಂತೆ ಸಾಕಿದ ಭೌತಶಾಸ್ತ್ರದ ಮುಖ್ಯಸ್ಥರ ಮುಖ ಸಣ್ಣದಾಯಿತು.

ಭಾಗಾಕಾರ

ಒಟ್ಟು ಉಲ್ಲೇಖಗಳನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಪತ್ರಿಕೆಯ ಪ್ರಭಾವ ಸಿಗುತ್ತದೆ ಅಂತ ವಿವರಿಸಿದೆ.

"ಅಂದ್ರೆ ಲೇಖನ ಕಡಿಮೆ ಇದ್ದಷ್ಟೂ ಪ್ರಭಾವ ಜಾಸ್ತಿ?" ಪ್ರಾಂಶುಪಾಲರು ಕೇಳಿದರು.

"ಹೌದು ಸರ್."

"ಮತ್ತೆ ಇಷ್ಟೊಂದು ಯಾಕ್ ಹಾಕಿದ್ರಿ?"

ಮುಖ್ಯಸ್ಥರಿಗೆ ಉರಿಯಿತು. "ಒಂದೂ ಹಾಕದೇ ಇದ್ದಿದ್ರೆ ಅನಂತವೇ ಬರ್ತಿತ್ತು ಸರ್."

"ಅದನ್ನ ಮೊದಲೇ ಹೇಳಬಾರದಿತ್ತೇನ್ರಿ?"

ಮುಯ್ಯಾಳು

ಮುಖ್ಯಸ್ಥರು ಹೊಸಬಾಳೆಯ ರೈತರ ಮನೆಯವರು. ನಾಟಿಗೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಅನ್ನೋ ಮುಯ್ಯಾಳು ಪದ್ಧತಿ ಬಲ್ಲವರು. ಸೊರಬದಲ್ಲಿ ಪಾಠ ಮಾಡುವ ಹಳೇ ಗೆಳೆಯನಿಗೆ ಫೋನ್ ಹಚ್ಚಿದರು.

"ನೀನು ನಮ್ಮ ಲೇಖನಗಳನ್ನ ಉಲ್ಲೇಖ ಮಾಡಿ ಒಂದು ಬರಿ ಮಾರಾಯ. ಮುಂದಿನ ಸಲ ನಾನು ನಿಂದು ಮಾಡ್ತೀನಿ."

ಗೆಳೆಯ ಮಾತಿಗೆ ತಪ್ಪಲಿಲ್ಲ. ಮೂರೇ ದಿನದಲ್ಲಿ ಲೇಖನ ಬಂತು. ಮೊದಲ ವಾಕ್ಯ: "ಭೌತಶಾಸ್ತ್ರ ಬಹಳ ಮುಖ್ಯವಾದ ವಿಷಯ." ಅದಕ್ಕೆ ಆಧಾರವಾಗಿ ನಮ್ಮ ಪತ್ರಿಕೆಯ ಹದಿನಾಲ್ಕು ಲೇಖನಗಳು.

ಆದರೆ ಅವರು ಅದನ್ನು ಪ್ರಕಟಣೆಗೆ ಕಳಿಸಿದ್ದು ನಮ್ಮ ಪತ್ರಿಕೆಗೇ. ನಮ್ಮಲ್ಲೇ ಅಚ್ಚಾದ ಉಲ್ಲೇಖ ಎಣಿಕೆಗೆ ಇಲ್ಲ ಅಂತ ಪರಿಶೀಲನಾ ತಂಡ ಕಳಿಸಿದ ನಮೂನೆಯಲ್ಲೇ ಬರೆದಿದೆ ಎಂದೆ. ಮುಖ್ಯಸ್ಥರು ಮತ್ತೆ ಫೋನ್ ಮಾಡಿ ರೇಗಿದರು.

ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ಮತ್ತೆ ಬೇರೆ ಯಾರು ಹಾಕ್ತಾರೋ ಇಂಥದನ್ನ?"

ಓದುಗರು

ಲೇಖಕರನ್ನೇ ವಿಚಾರಿಸೋಣ ಅಂತ ಒಬ್ಬ ಉಪನ್ಯಾಸಕರನ್ನು ಕೇಳಿದೆ, "ನಿಮ್ಮ ಲೇಖನವನ್ನ ಯಾರಾದ್ರೂ ಉಲ್ಲೇಖಿಸಿದಾರಾ ಸರ್?"

"ನಮ್ಮ ಭಾವ ಓದಿದಾರೆ."

"ಓದಿದ್ದಲ್ಲ ಸರ್, ಉಲ್ಲೇಖ."

"ಮೇಡಂ, ಓದಿಸೋಕೇ ಎರಡು ಸಲ ಊಟಕ್ಕೆ ಕರೆದಿದೀನಿ."

ಐದು

ತಂಡ ಬರುವ ಹಿಂದಿನ ದಿನ ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದಾಗ ಸಿಕ್ಕಿತು. ಒಂದೇ ಲೇಖನಕ್ಕೆ ಐದು ಉಲ್ಲೇಖ, ಎಲ್ಲವೂ ಗುರುತು ಪರಿಚಯ ಇಲ್ಲದ ದೂರದವರದು. ಲೇಖನ ಮುಖ್ಯಸ್ಥರದೇ. ಬಂದಳಿಕೆ ಊರಿನ ಹಳೇ ದೇವಸ್ಥಾನದ ಕಲ್ಲುಕಂಬ ತಟ್ಟಿ, ಕಲ್ಲಿನೊಳಗೆ ಶಬ್ದ ಎಷ್ಟು ವೇಗವಾಗಿ ಹರಿಯುತ್ತದೆ ಅಂತ ಅಳೆದಿದ್ದರು.

ಪ್ರಾಂಶುಪಾಲರಿಗೆ ತೋರಿಸಲು ಅವರ ಕೊಠಡಿಗೆ ಹೋದೆ; ಸುದ್ದಿ ತಿಳಿದು ಮುಖ್ಯಸ್ಥರೂ ಅಲ್ಲಿಗೆ ಓಡಿಬಂದರು. "ಓದ್ರಿ ಮೇಡಂ, ಏನ್ ಬರೆದಿದಾರೆ?"

ಓದಿದೆ. "ಇಷ್ಟು ವೇಗ ಭೂಮಿಯ ಮೇಲಿನ ಯಾವ ಕಲ್ಲಿನಲ್ಲೂ ಸಾಧ್ಯವಿಲ್ಲ," ಅಂತ ಮೊದಲನೆಯವರು. "ಅಳತೆ ಹೇಗೆ ಮಾಡಬಾರದು ಎಂಬುದಕ್ಕೆ ಇದನ್ನು ನೋಡಿ," ಅಂತ ಎರಡನೆಯವರು. ಉಳಿದ ಮೂವರು ಇಷ್ಟು ಮರ್ಯಾದೆ ಇಟ್ಟುಕೊಂಡಿರಲಿಲ್ಲ.



"ಬೈದಿದ್ದೂ ಎಣಿಕೆಗೆ ಬರ್ತದೇನ್ರಿ?" ಪ್ರಾಂಶುಪಾಲರು ಮೆಲ್ಲಗೆ ಕೇಳಿದರು.

"ಬರ್ತದೆ ಸರ್. ಯಾಕೆ ಉಲ್ಲೇಖಿಸಿದ್ರು ಅಂತ ನಮೂನೆಯಲ್ಲಿ ಕೇಳಿಲ್ಲ."

"ಹಂಗಾದ್ರೆ ಪತ್ರಿಕೆ ಉಳೀತು. ಬರ್ಕೊಳ್ರಿ, ಐದು."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸುತ್ತಾ ಕೂತಿದ್ದರು. ಪಾಪ ಅನ್ನಿಸಿ ಹೇಳಿದೆ, "ಸರ್, ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿಬಿಟ್ರೆ ಇವರೆಲ್ಲ ಸುಮ್ಮನಾಗ್ತಾರೆ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು.

"ಸುಮ್ಮನಾದ್ರೆ ಮುಂದಿನ ವರ್ಷ ಏನ್ ತೋರಿಸ್ತೀರಿ ಮೇಡಂ?"