ಹನ್ನೊಂದಕ್ಕೂ ಹದಿಮೂರಕ್ಕೂ ನಡುವೆ

ಬಾಯಲ್ಲಿ ತುತ್ತಿರುವಾಗ ಮಾತಾಡಬಾರದೆಂದು ಎವರಿಸ್ತೊನ ತಾಯಿ ಚಿಕ್ಕಂದಿನಲ್ಲೇ ಅವನಿಗೆ ಬುದ್ಧಿ ಹೇಳಿದ್ದಳು. ಅದನ್ನು ಅವನು ಮೂವತ್ತಾರು ವರ್ಷ ಚಾಚೂ ತಪ್ಪದೆ ಪಾಲಿಸಿದ. ಮೂವತ್ತೇಳನೆಯ ವರ್ಷದ ಒಂದು ಶುಕ್ರವಾರ, ಬೆಳಿಗ್ಗೆ ಏಳೂವರೆಗೆ, ಮರೆತ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಅವನು ಬಾಡಿಗೆಗಿದ್ದ ಮನೆಯ ಒಡತಿ ದೊನ್ಯಾ ಚೋಲೆ ಅವನ ತಟ್ಟೆಗೆ ಇನ್ನೊಂದು ಬಿಸಿ ತೊರ್ತಿಯಾ ರೊಟ್ಟಿ ಹಾಕುತ್ತ, ಏನೂ ಅರಿಯದವಳ ಹಾಗೆ ಕೇಳಿದಳು: "ಅಲ್ಲ ಮೇಷ್ಟ್ರೆ, ನಾಲ್ಕು ವರ್ಷದಿಂದ ನಮ್ಮೂರ ಹರಕೆ ತಗಡು ಎಣಿಸ್ತಾನೇ ಇದ್ದೀರಿ. ಕೊನೆಗೆ ಯಾರು ಬೇಗ ವಾಸಿ ಮಾಡ್ತಾರಂತೆ?"

"ಬಾಲಯೇಸು ಹನ್ನೊಂದು ದಿನ, ಬಾವಿ ಮಾತೆ ಹದಿಮೂರು," ಎಂದ ಎವರಿಸ್ತೊ, ಬಾಯಿ ತುಂಬ ಕಾಳುಪಲ್ಯ ಇಟ್ಟುಕೊಂಡು.

ದೊನ್ಯಾ ಚೋಲೆ ಒಲೆ ಆರಿಸಿದಳು, ಶಾಲು ಹೊದ್ದಳು, ಹೊರಟೇಹೋದಳು. ಕಾಫಿ ಕೊಡುವುದನ್ನೂ ಮರೆತಳು.

ತೆಪೆತಾತೆ ಊರಿನಲ್ಲಿ ಇರುವುದು ಎರಡೇ ಕೇರಿ. ಮೇಲಿನ ಕೇರಿಯವರಿಗೆ ದಿಣ್ಣೆಯ ಬಾಲಯೇಸು, ಕೆಳಗಿನ ಕೇರಿಯವರಿಗೆ ಬಾವಿಯ ಮಾತೆ. ಇಬ್ಬರ ಇಗರ್ಜಿಗಳೂ ಚೌಕದ ಆಚೆಗೊಂದು ಈಚೆಗೊಂದು, ಒಂದರ ಮುಖ ಒಂದು ನೋಡುತ್ತ ನಿಂತಿವೆ. ಊರಲ್ಲಿ ಯಾರು ಕಾಯಿಲೆ ಬಿದ್ದು ವಾಸಿಯಾದರೂ ಅಂಗೈಯಗಲದ ತಗಡಿನ ಮೇಲೆ ಚಿತ್ರ ಬರೆಸಿ ಇಗರ್ಜಿಯ ಗೋಡೆಗೆ ಹೊಡೆಯಬೇಕು. ಮಂಚದ ಮೇಲೆ ರೋಗಿ, ಮೂಲೆಯ ಮೋಡದಲ್ಲಿ ದೇವರು, ಕೆಳಗೆ ನಾಲ್ಕು ಸಾಲು: ಇಂಥಾ ದಿನ ಮಲಗಿದೆ, ಇಂಥಾ ದಿನ ಎದ್ದೆ, ಉಪಕಾರ ಮರೆಯೆನು. ಇಂಥ ಹರಕೆ ತಗಡು ಎರಡೂ ಕಡೆ ಸೇರಿ ಎರಡು ಸಾವಿರ.

ಎವರಿಸ್ತೊ ಓದಿದ್ದು ಗಣಿತ. ಆದರೆ ಬರೀ ಗಣಿತಕ್ಕೆ ಈಗ ಯಾರು ಕೆಲಸ ಕೊಡುತ್ತಾರೆ? ಅದಕ್ಕೇ ಅವನು ಈ ತಗಡುಗಳಿಗೆ ಗಂಟುಬಿದ್ದ. ಅವುಗಳ ಗೀಚುಬರಹ ಓದಲಿಕ್ಕೆ ಕಂಪ್ಯೂಟರಿಗೆ ಎರಡು ವರ್ಷ ಅಕ್ಷರಾಭ್ಯಾಸ ಮಾಡಿಸಿದ. ವೈದ್ಯರ ಕೈಕಾಲು ಹಿಡಿದು ಕಾಯಿಲೆಗಳಿಗೆ ಹೆಸರಿಡಿಸಿದ. ಗೆದ್ದಲು ಹಿಡಿದ ಇಗರ್ಜಿ ಕಡತಗಳಲ್ಲಿ ಮೂಗು ತೂರಿಸಿ ಸೀನಿ ಸೀನಿ ಸುಸ್ತಾದ. ವಿಶ್ವವಿದ್ಯಾಲಯದವರು ಇದನ್ನು ಗಣಿತ, ತಂತ್ರಜ್ಞಾನ, ಧರ್ಮದ ಇತಿಹಾಸ, ವೈದ್ಯ, ನಾಲ್ಕೂ ಸೇರಿದ ಮಹಾ ಸಂಶೋಧನೆ ಎಂದು ಕರೆದು, ಪರೀಕ್ಷೆಗೆ ನಾಲ್ಕು ಜನ ಪ್ರಾಧ್ಯಾಪಕರನ್ನು ನೇಮಿಸಿದರು. ಒಬ್ಬರಿಗೇ ಎಲ್ಲ ಅರ್ಥವಾಗುವ ಹಾಗಿರಲಿಲ್ಲ. ನಾಲ್ವರಿಗೂ ಸೇರಿ ಅರ್ಥವಾಗುತ್ತದೆಂಬ ಭರವಸೆಯೂ ಇರಲಿಲ್ಲ.

ಆ ನಾಲ್ವರು ಅವತ್ತೇ ಸಂಜೆ ಐದಕ್ಕೆ ಬರುವವರಿದ್ದರು. ಅಷ್ಟರೊಳಗೆ ಎರಡೂ ಇಗರ್ಜಿಗಳ ಉಸ್ತುವಾರಿಗಳು ಲೆಕ್ಕ ಬರೆದ ಒಂದೇ ಕಾಗದಕ್ಕೆ ಒಪ್ಪಿಗೆಯ ಸಹಿ ಹಾಕಿರಬೇಕು. ಸಹಿ ಬಿದ್ದು, ಪ್ರಾಧ್ಯಾಪಕರು ತಲೆ ಆಡಿಸಿದರೆ ಎವರಿಸ್ತೊನಿಗೆ ಖಾಯಂ ಕೆಲಸ. ಇಲ್ಲವಾದರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿ ಸೋದರಮಾವನ ಹಾಸಿಗೆ ಅಂಗಡಿಗೆ ಹೋಗಿ ಸ್ಪ್ರಿಂಗ್ ಎಣಿಸಬೇಕು. ಮಾವ ಆಗಲೇ ಒಂದು ಸ್ಟೂಲು ತೆಗೆದಿಟ್ಟಿದ್ದ.

ಎವರಿಸ್ತೊ ಕೈ ತೊಳೆಯುವಷ್ಟರಲ್ಲಿ ಮೇಲಿನ ಕೇರಿಯಿಂದ ಢಂ ಢಂ ಎಂದು ಬಾಣಬಿರುಸು ಹಾರಿತು. ಹಿಂದೆಯೇ ಬಾಗಿಲಲ್ಲಿ ದೊನ್ ಕ್ರಿಸ್ಪಿನ್, ಬಾಲಯೇಸುವಿನ ಇಗರ್ಜಿಯ ಉಸ್ತುವಾರಿ, ಊರಿನ ಕ್ಷೌರಿಕ. ಅವನ ಬೆನ್ನಿಗೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ, ನೊರೆಯ ಸಮೇತ.

"ಎಲ್ಲಿ ಕಾಗದ? ತನ್ನಿ ಮೇಷ್ಟ್ರೆ, ಎರಡೂ ಕೈಯಲ್ಲಿ ಸಹಿ ಮಾಡ್ತೀನಿ! ಎರಡು ದಿನ ಲೀಡು! ನಮ್ಮಜ್ಜ ಆಗಲೇ ಹೇಳ್ತಿದ್ದ, ಯಾರೂ ನಂಬಲಿಲ್ಲ."

"ಸ್ವಲ್ಪ ಕೇಳಿ ದೊನ್ ಕ್ರಿಸ್ಪಿನ್, ಆ ಎರಡು ದಿನದ ವ್ಯತ್ಯಾಸ ಲೆಕ್ಕಕ್ಕೆ ಬರೋದಿಲ್ಲ. ಆಕಸ್ಮಿಕವಾಗಿ ಬಂದಿರಬಹುದು."

"ಆಕಸ್ಮಿಕವಾ?" ದೊನ್ ಕ್ರಿಸ್ಪಿನ್ ಗಿರಾಕಿಯ ಕಡೆ ತಿರುಗಿದ. "ಕೇಳಿದೆಯೇನೋ? ನಿನ್ನ ಹರ್ನಿಯಾ ಆಕಸ್ಮಿಕವಾಗಿ ವಾಸಿ ಆಯ್ತಾ?"

"ಛೆ ಛೆ," ಎಂದ ಗಿರಾಕಿ, ನೊರೆ ಸಿಡಿಸುತ್ತ.

"ಮತ್ತೆ! ಮೇಷ್ಟ್ರಿಗೆ ನಾಚಿಕೆ, ಅಷ್ಟೆ." ದೊನ್ ಕ್ರಿಸ್ಪಿನ್ ಸಹಿ ಗೀಚಿ, ಎವರಿಸ್ತೊನ ಎರಡೂ ಕೆನ್ನೆ ತಟ್ಟಿ ಹೋದ. ಅರ್ಧ ಗಂಟೆಯಲ್ಲಿ ದಿಣ್ಣೆಯ ಇಗರ್ಜಿಯ ಗೋಡೆಯ ಮೇಲೆ ಆಳೆತ್ತರದ ಅಕ್ಷರ ಎದ್ದಿತ್ತು: ಹನ್ನೊಂದೇ ದಿನ! ಗಣಿತದಿಂದ ಸಾಬೀತು!

ಒಂದು ಸಹಿ ಸಿಕ್ಕಿತಲ್ಲ ಎಂದು ಎವರಿಸ್ತೊ ಕಾಗದ ಹಿಡಿದು ಕೆಳಗಿನ ಕೇರಿಗೆ ಓಡಿದ. ಅಲ್ಲಿ ಮಾತೆಯ ಇಗರ್ಜಿಯ ಉಸ್ತುವಾರಿ ದೊನ್ಯಾ ತೊಮಾಸಾ ಕಡುಬಿನಂಥ ತಮಾಲೆ ಬೇಯಿಸುವ ಹಂಡೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳ ಮುಖ ನೋಡಿ ಅವನ ಕಾಲುಗಳು ತಾವಾಗಿ ನಿಧಾನವಾದವು.

"ಬಾರಪ್ಪ, ಬಾ. ನಾಲ್ಕು ವರ್ಷ ನನ್ನ ತಮಾಲೆ ತಿಂದು ನಮ್ಮಮ್ಮನಿಗೇ ಕಡಿಮೆ ಮಾರ್ಕು ಹಾಕಿದ ಪುಣ್ಯಾತ್ಮ! ಅಲ್ಲಯ್ಯ, ಮೇಲಿನ ಕೇರಿಯವರು ಸೀನಿದ್ದಕ್ಕೆ ಕೆಮ್ಮಿದ್ದಕ್ಕೆಲ್ಲ ಬಾಲಯೇಸು ಹತ್ರ ಓಡ್ತಾರೆ. ನಮ್ಮಮ್ಮನ ಹತ್ರ ಬರೋದು ಏನು? ಟೈಫಾಯ್ಡು! ಮುರಿದ ಸೊಂಟ! ಹೇಸರಗತ್ತೆ ಒದ್ದಿದ್ದು! ನೆಗಡಿಗೂ ಕತ್ತೆ ಒದೆತಕ್ಕೂ ಒಂದೇ ತಕ್ಕಡೀನಾ ನಿಂದು?"

ಹೆಂಗಸು ಹೇಳಿದ್ದು ಅಪ್ಪಟ ಸತ್ಯ. ನಾಲ್ಕು ವರ್ಷದಲ್ಲಿ ನಾಲ್ಕು ಪ್ರಾಧ್ಯಾಪಕರಿಗೆ ಹೊಳೆಯದ್ದು ತಮಾಲೆ ಹಂಡೆಯ ಮುಂದೆ ಹೊಳೆದುಬಿಟ್ಟಿದೆ! ಎವರಿಸ್ತೊನಿಗೆ ಭಯದ ಜಾಗದಲ್ಲಿ ಸಂತೋಷ ಉಕ್ಕಿತು. ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಕಾಯಿಲೆಯ ತೂಕ ನೋಡಿ ಮತ್ತೆ ಲೆಕ್ಕ ಹಾಕಿದ. ಬಾಲಯೇಸು ಹನ್ನೊಂದು, ಮಾತೆ ಹತ್ತು.

"ನೋಡಿದ್ಯಾ? ಒಳ್ಳೆಯ ಹುಡುಗ ನೀನು, ಜೊತೆಯವರು ಸರಿಯಿಲ್ಲ ಅಷ್ಟೆ," ಎಂದು ದೊನ್ಯಾ ತೊಮಾಸಾ ಹಿಟ್ಟಿನ ಕೈಯಲ್ಲೇ ಸಹಿ ಹಾಕಿ, ಅವನ ಬಾಯಿಗೊಂದು ತಮಾಲೆ ತುರುಕಿದಳು. ಮಾತೆಯ ಇಗರ್ಜಿಯ ಗಂಟೆ ಢಣಢಣ ಬಾರಿಸತೊಡಗಿತು.

ಗಂಟೆ ಕೇಳಿ ದೊನ್ ಕ್ರಿಸ್ಪಿನ್ ಕ್ಷೌರದ ಕತ್ತಿ ಹಿಡಿದೇ ಚೌಕಕ್ಕೆ ಬಂದ, ಕಾಗದ ಕಿತ್ತುಕೊಂಡು ತನ್ನ ಸಹಿಯ ಮೇಲೆ ಮೂರು ಗೆರೆ ಎಳೆದ. "ಆಗೊಂದು ಲೆಕ್ಕ, ಈಗೊಂದು ಲೆಕ್ಕ! ಇದೇನು ಗಣಿತವೋ ಹವಾಮಾನ ವರದಿಯೋ?"

ಅಲ್ಲಿಗೆ ಮುಗಿಯಲಿಲ್ಲ. ಸರಾಸರಿ ಎಂದರೇನು ಎಂದು ಎವರಿಸ್ತೊ ನಾಲ್ಕು ವರ್ಷ ಹೇಳಿಕೊಟ್ಟರೂ ತಿಳಿಯದಿದ್ದ ಊರಿಗೆ ಅವತ್ತು ಐದೇ ನಿಮಿಷದಲ್ಲಿ ತಿಳಿದುಹೋಯಿತು: ಬೇಗ ವಾಸಿಯಾದ ತಗಡು ಹೆಚ್ಚಾದರೆ ದಿನ ಕಡಿಮೆಯಾಗುತ್ತದೆ! ಹನ್ನೆರಡರ ಹೊತ್ತಿಗೆ ಅಂಗಡಿಯಲ್ಲಿದ್ದ ತಗಡೆಲ್ಲ ಖಾಲಿ. ಜನ ಎಣ್ಣೆ ಡಬ್ಬ ಕತ್ತರಿಸಿದರು. ಮೇಲಿನ ಕೇರಿಯ ಗೋಡೆಗೆ ಹೊಸ ತಗಡು ಬಿತ್ತು: "ಬಿಕ್ಕಳಿಕೆ. ಹತ್ತಕ್ಕೆ ಶುರು, ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಮಾಯ." ಕೆಳಗಿನ ಕೇರಿ ಬಿಟ್ಟೀತೇ? "ಕಾಲು ಉಳುಕುವುದರಲ್ಲಿತ್ತು. ಮಾತೆಯ ದಯೆ, ಉಳುಕಲಿಲ್ಲ. ಸೊನ್ನೆ ದಿನ." ಅದಕ್ಕೆ ದೊನ್ ಕ್ರಿಸ್ಪಿನ್ ಸ್ವಂತ ಕೈಯಿಂದ ಬರೆದು ಹೊಡೆದ: "ಮುಂದಿನ ವಾರ ಬರಬೇಕಿದ್ದ ಜ್ವರ ನಿನ್ನೆಯೇ ವಾಸಿಯಾಯಿತು."

ಇದನ್ನು ಓದಿದ ಕಂಪ್ಯೂಟರು ಮಿಣಮಿಣ ಮಿಣುಕಿ ನಿಂತೇಹೋಯಿತು. ಎವರಿಸ್ತೊನಿಗೂ ಹಾಗೇ ನಿಂತುಬಿಡಬೇಕೆನಿಸಿತು.

ಚೌಕದ ಕಾರಂಜಿ ಕಟ್ಟೆಯ ಮೇಲೆ ಕುಸಿದು ಕೂತ. ಪಕ್ಕದಲ್ಲಿ ಸ್ಮಶಾನದ ಗುಂಡಿ ತೋಡುವ ಹಿಲಾರಿಯೊ ಕಿತ್ತಳೆ ಸುಲಿಯುತ್ತಿದ್ದ. ಮೌನಿ ಮನುಷ್ಯ. ಒಂದು ತೊಳೆ ಎವರಿಸ್ತೊನ ಕೈಗಿಟ್ಟು, "ಮೇಷ್ಟ್ರೆ, ತಪ್ಪು ತಿಳೀಬೇಡಿ, ಒಂದು ಅನುಮಾನ," ಎಂದ. "ನನ್ನ ಹತ್ರ ಬಂದೋರ ತಗಡು ಎಲ್ಲಿ?"

"ಅಂದ್ರೆ?"

"ಅವರೂ ಹರಕೆ ಹೊತ್ತಿದ್ರಲ್ಲ. ಎದ್ದವರು ಬಂದು ತಗಡು ಹೊಡೆದ್ರು. ಏಳದವರು ಹೊಡೀಲಿಲ್ಲ. ನೀವು ಎಣಿಸಿದ್ದು ಎದ್ದವರನ್ನ ಮಾತ್ರ ಅಲ್ವಾ?"

ಕಿತ್ತಳೆ ತೊಳೆ ಎವರಿಸ್ತೊನ ಗಂಟಲಲ್ಲೇ ಸಿಕ್ಕಿಕೊಂಡಿತು. ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ನಾಲ್ಕು ವರ್ಷ! ಎರಡು ಸಾವಿರ ತಗಡು! ಸತ್ತವರನ್ನು ಅವನು ಮರೆತೇಬಿಟ್ಟಿದ್ದ. ಯಾವ ಗಣಿತದವನಾದರೂ ಕೇಳುವ ಮೊದಲ ಪ್ರಶ್ನೆ ಅದು. ಐದು ಗಂಟೆಗೆ ಆ ನಾಲ್ವರು ಕೇಳಿಯೇ ಕೇಳುತ್ತಾರೆ. ಆಮೇಲೆ ಮಾವನ ಸ್ಟೂಲೇ ಗತಿ.

"ಹಿಲಾರಿಯೊ ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತು ಇದನ್ನ ಯಾರ ಮುಂದೂ ಎತ್ತಬೇಡ."

"ನಾನು ಯಾರಿಗೆ ಹೇಳ್ಲಿ ಸ್ವಾಮಿ? ನನ್ನ ಹತ್ರ ಬರೋರು ಮಾತಾಡಲ್ಲ," ಎಂದು ಹಿಲಾರಿಯೊ ಸಿಪ್ಪೆ ಬಿಸಾಕಿದ.

ಗಂಟೆ ನಾಲ್ಕೂ ಮುಕ್ಕಾಲು. ಚೌಕದ ಒಂದು ಪಕ್ಕ ಬ್ಯಾಂಡು, ಇನ್ನೊಂದು ಪಕ್ಕ ಗಂಟೆ, ನಡುವೆ ದೊನ್ ಕ್ರಿಸ್ಪಿನ್ ಮತ್ತು ದೊನ್ಯಾ ತೊಮಾಸಾ ಪರಸ್ಪರರ ಮೂರು ತಲೆಮಾರಿನ ಕಾಯಿಲೆಗಳನ್ನು ಹೆಸರು ಹಿಡಿದು ಬೈದಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಈ ಬೆಂಕಿ ಹಚ್ಚಿದ ದೊನ್ಯಾ ಚೋಲೆಯೇ ಕೊನೆಗೆ ನಡುವೆ ಬಂದಳು. ಅವಳು ಹುಟ್ಟಿದ್ದು ಮೇಲಿನ ಕೇರಿ, ಕೊಟ್ಟದ್ದು ಕೆಳಗಿನ ಕೇರಿಗೆ.

"ಸಾಕು ಮಾಡ್ರಪ್ಪ! ಇಬ್ಬರಿಗೂ ಹನ್ನೆರಡು. ಬರೀರಿ ಮೇಷ್ಟ್ರೆ."

"ಅಮ್ಮ, ಹನ್ನೆರಡು ಅಂತ ಹೇಗೆ ಬರೀಲಿ? ಅದು ಸುಳ್ಳಾಗುತ್ತೆ."

"ಬೆಳಿಗ್ಗೆ ಹೇಳಿದ ಹನ್ನೊಂದು ನಿಜವಾಗಿತ್ತಾ?"

ಎವರಿಸ್ತೊ ಹಿಲಾರಿಯೊನ ಕಡೆ ನೋಡಿದ. ಹಿಲಾರಿಯೊ ಆಕಾಶ ನೋಡಿದ. ಎವರಿಸ್ತೊ ಪೆನ್ನು ತೆಗೆದು ಬರೆದ: ಇಬ್ಬರಿಗೂ ಹನ್ನೆರಡು. ದೊನ್ ಕ್ರಿಸ್ಪಿನ್ ಹೊಸದಾಗಿ ಸಹಿ ಹಾಕಿದ. ದೊನ್ಯಾ ತೊಮಾಸಾ ತನ್ನ ಹಳೆ ಸಹಿಯ ಮೇಲೇ ಇನ್ನೊಮ್ಮೆ ತಿದ್ದಿದಳು. ಬ್ಯಾಂಡೂ ಗಂಟೆಯೂ ಒಟ್ಟಿಗೆ ಮೊಳಗಿದವು. ಇಬ್ಬರೂ ಕೂಡಿ ಎವರಿಸ್ತೊನನ್ನು ಅಪ್ಪಿ ಹಿಚುಕಿದರು.

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ವಿಶ್ವವಿದ್ಯಾಲಯದ ಕಾರು ಬಂತು. ನಾಲ್ವರು ಇಳಿದರು. ಮುಂದಾಳು ಡಾಕ್ಟರಾ ಒಬ್ದುಲಿಯಾ, ಗಣಿತದವರು. ಅವರ ಕೈಯಲ್ಲಿ ಪಾಸಾದವರು ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕುತ್ತಾರೆ, ಅಷ್ಟು ಅಪರೂಪ. ಎವರಿಸ್ತೊ ಸಹಿಯ ಕಾಗದ ಕೊಟ್ಟ, ನಾಲ್ಕು ವರ್ಷದ ಕೆಲಸ ಒಪ್ಪಿಸಿದ. ಡಾಕ್ಟರಾ ಒಬ್ದುಲಿಯಾ ಕನ್ನಡಕ ತೆಗೆದರು.

"ಸಹಿ ಸರಿಯಾಗಿದೆ. ಆದರೆ ಎವರಿಸ್ತೊ, ಇದರಲ್ಲಿ ಒಂದು ಭಾರಿ ಕೊರತೆ ಇದೆ. ಇಷ್ಟು ದೊಡ್ಡದು ನಿಮ್ಮ ಕಣ್ಣಿಗೆ ಹೇಗೆ ಬೀಳಲಿಲ್ಲ?"

ಬಂತು. ಎವರಿಸ್ತೊ ಕಣ್ಣು ಮುಚ್ಚಿದ.

"ನಮ್ಮೂರ ಸಾನ್ ಪಾಸ್ಕುವಾಲ್ ಎಲ್ಲಿ?"

ಎವರಿಸ್ತೊ ಒಂದು ಕಣ್ಣು ತೆರೆದ.

"ನನ್ನ ಪಿತ್ತಕೋಶದ ಕಲ್ಲು ಆರೇ ದಿನದಲ್ಲಿ ಕರಗಿಸಿದ ಸಂತ ಅವರು," ಎಂದರು ಡಾಕ್ಟರಾ ಒಬ್ದುಲಿಯಾ, ದನಿ ಸ್ವಲ್ಪ ಏರಿಸಿ. "ಹನ್ನೆರಡಂತೆ ಹನ್ನೆರಡು!"

"ಆರು ದಿನ ಏನು ಮಹಾ?" ಎಂದರು ವೈದ್ಯದ ಪ್ರಾಧ್ಯಾಪಕರು. "ನಮ್ಮ ತಾಯಿಯ ಮಂಡಿನೋವನ್ನ ನಮ್ಮೂರ ಸಾಂತಾ ಲೂಸಿಯಾ ಐದು ದಿನದಲ್ಲಿ ಇಳಿಸಿದಳು. ನಾನೇ ಔಷಧಿ ಕೊಟ್ಟು ಸೋತಿದ್ದೆ."

"ಸಾಂತಾ ಲೂಸಿಯಾ ಕಣ್ಣಿನವಳು ರೀ, ಮಂಡಿ ಅವಳ ಇಲಾಖೆಯೇ ಅಲ್ಲ!" ಎಂದು ಧರ್ಮದ ಇತಿಹಾಸದವರು ಕೆರಳಿದರು. "ನಮ್ಮೂರ ಸಾನ್ ರೋಕೆಯನ್ನ ಎಣಿಸಿ ನೋಡಿ, ಆಮೇಲೆ ಮಾತಾಡಿ."

ಕಂಪ್ಯೂಟರಿನವರು ಸಂಕೋಚದಿಂದ ಕೆಮ್ಮಿದರು. "ನಮ್ಮದು ಸ್ವಲ್ಪ ದೂರ. ದೋಣಿ ಹತ್ತಬೇಕು."

ಸತ್ತವರ ವಿಷಯ ಯಾರಿಗೂ ನೆನಪಾಗಲಿಲ್ಲ. ನಾಲ್ವರೂ ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿ, ಹತ್ತು ನಿಮಿಷ ಕಿತ್ತಾಡಿ, ಒಮ್ಮತದಿಂದ ತೀರ್ಮಾನ ಬರೆದರು: ಸಂಶೋಧನೆ ಅತ್ಯುತ್ತಮ, ಆದರೆ ಅಪೂರ್ಣ. ಇನ್ನು ನಾಲ್ಕು ಊರುಗಳ ತಗಡು ಎಣಿಸಿದ ಮೇಲೆ ಖಾಯಂ ಕೆಲಸದ ಮಾತು.

"ಒಂದೊಂದು ಊರಿಗೆ ನಾಲ್ಕು ವರ್ಷ ಸಾಕಲ್ಲವೇ?" ಎಂದು ಡಾಕ್ಟರಾ ಒಬ್ದುಲಿಯಾ ವಿಶ್ವಾಸದಿಂದ ಕೇಳಿ, ಉತ್ತರಕ್ಕೆ ಕಾಯದೆ ಕಾರು ಹತ್ತಿದರು.

ನಾಲ್ಕು ನಾಲ್ಕಲೆ ಹದಿನಾರು. ಈ ಲೆಕ್ಕ ಮಾತ್ರ ಎವರಿಸ್ತೊ ಬಾಯಲ್ಲೇ ಹಾಕಿದ. ಬಾಗಿಲು ಮುಚ್ಚಿದ ಡ್ರೈವರು ಹೊರಡುವ ಮುಂಚೆ ಕಿಟಕಿಯಿಂದ ತಲೆ ಹಾಕಿ, ಒಳಗಿನವರಿಗೆ ಕೇಳದ ಹಾಗೆ ಪಿಸುಗುಟ್ಟಿದ.

"ಮೇಷ್ಟ್ರೆ, ಇವರ ಮಾತು ಬಿಡಿ. ನಮ್ಮೂರಿನ ಸಂತ ಅರ್ಧ ದಿನದಲ್ಲಿ ವಾಸಿ ಮಾಡ್ತಾನೆ. ಯಾವಾಗ ಬರ್ತೀರಿ?"

ಎವರಿಸ್ತೊ ಜೇಬಿನಿಂದ ನೋಟ್‌ಬುಕ್ ತೆಗೆದು, ಅವನ ಊರಿನ ಹೆಸರು ಕೇಳಿ ಬರೆದುಕೊಂಡ.